ಅವರು ಸ್ವಲ್ಪ ಜೋರು, ಅಷ್ಟೇ

ಹೋದ ತಿಂಗಳು ಇಬ್ಬರು ಹುಡುಗಿಯರು ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ಹೆಂಗಸರ ಸಲಹಾ ಕೇಂದ್ರದಲ್ಲಿ ನಾನು ಇಪ್ಪತ್ತಾರು ವರ್ಷ ಕೂತ ಜಾಗದಲ್ಲಿ ಈಗ ಅವರು ಕೂರುತ್ತಾರೆ. ಆಪ್ತ ಸಮಾಲೋಚಕಿ ಅಂತ ಅವರ ಹುದ್ದೆಯ ಹೆಸರಂತೆ. ನಮ್ಮ ಕಾಲದಲ್ಲಿ ಅಷ್ಟು ಚಂದದ ಹೆಸರು ಯಾರೂ ಇಡಲಿಲ್ಲ, "ಗಂಡ ಹೆಂಡತಿ ಜಗಳದ ಮೇಡಂ" ಅಂತಲೇ ಬಸ್ಸಿನವರಿಗೂ ಗೊತ್ತಿದ್ದದ್ದು. ಚಹಾ ಕುಡಿಯುತ್ತಾ ಒಬ್ಬಳು ಕೇಳಿದಳು, "ಮೇಡಂ, ಹೊಡೆದು ಬಡಿದು ಮಾಡಿದ್ರೆ ಸರಿ. ಬರೀ ಬೊಬ್ಬೆ ಹಾಕಿದ್ದಕ್ಕೂ ನಾವು ಫೈಲ್ ಮಾಡ್ಬೇಕಾ?"

ನನಗೆ ಸಿಟ್ಟು ನೆತ್ತಿಗೇರಿತು. ಪಾಪ, ಅವಳ ಮೇಲೆ ಅಲ್ಲ. ಇದೇ ಪ್ರಶ್ನೆಯನ್ನು ನಾನೂ ಒಂದು ಕಾಲದಲ್ಲಿ ಕೇಳಿದವಳು. ಬಾಯಿ ಬಿಟ್ಟರೆ ಏನಾದರೂ ಹೇಳಿಬಿಟ್ಟೇನು ಅಂತ ಇನ್ನೆರಡು ಬಿಸ್ಕತ್ತು ಕೈಗೆ ಕೊಟ್ಟು ಕಳಿಸಿದೆ. ಬರೆದೇ ಕೊಡುವ ಅಂತ ಈಗ ಕೂತಿದ್ದೇನೆ. ನನ್ನ ಕೆಲಸ ಯಾವಾಗ ಖಾಯಂ ಆಯಿತು, ಯಾರು ಶಾಲು ಹೊದಿಸಿದರು ಅದೆಲ್ಲ ಬೇಡ. ನಾನು ಮಾಡಿದ ಒಂದು ದೊಡ್ಡ ತಪ್ಪನ್ನು ಹೇಳುತ್ತೇನೆ. ಹೆಸರುಗಳನ್ನು ಬದಲಾಯಿಸಿದ್ದೇನೆ, ತಪ್ಪನ್ನು ಬದಲಾಯಿಸಿಲ್ಲ.

ನಮ್ಮ ಕಚೇರಿ ಬಿ.ಸಿ. ರೋಡಿನಲ್ಲಿ ಒಂದು ಹಳೆಯ ಕಟ್ಟಡದ ಹಿಂಬದಿಯಲ್ಲಿತ್ತು. ಒಂದೇ ಕೋಣೆ, ಎರಡು ಮೇಜು, ಒಂದು ಕಪಾಟು, ಹೊರಗೆ ಒಂದು ಬೆಂಚು. ಬಾಗಿಲು ಮಳೆಗೆ ಉಬ್ಬಿ ಮುಚ್ಚಲಿಕ್ಕೇ ಬರುತ್ತಿರಲಿಲ್ಲ. ಒಳಗೆ ಒಬ್ಬಳು ಅತ್ತರೆ ಬೆಂಚಿನಲ್ಲಿದ್ದ ನಾಲ್ವರೂ ಸೆರಗನ್ನು ಕಣ್ಣಿಗೆ ಒತ್ತುತ್ತಿದ್ದರು. ಬುಧವಾರ ಬೆಳ್ತಂಗಡಿ, ಮಂಗಳವಾರ ಮೂಡಬಿದ್ರೆ. ಅಲ್ಲಿ ಯಾರೋ ಬಿಟ್ಟುಕೊಟ್ಟ ಮೂಲೆಯಲ್ಲಿ ಕೂರುವುದು, ಸಂಜೆ ಫೈಲಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತೂಕಡಿಸುತ್ತಾ ಬರುವುದು.

ನಮ್ಮ ಮೇಲಧಿಕಾರಿ ಮನೋರಮಾ ಮೇಡಂ. ಬಂದವಳು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಅವರು ಕೇಳುವುದು ಎರಡೇ ಮಾತು. "ಕೈ ಮಾಡಿದ್ದಾನಾ? ಗುರುತು ಉಂಟಾ?" ಉಂಟು ಎಂದರೆ ಕೆಂಪು ಫೈಲು, ಅದು ಅವರ ಮೇಜಿಗೆ. ಇಲ್ಲ ಎಂದರೆ ನೀಲಿ ಫೈಲು, ನನ್ನ ಮೇಜಿಗೆ. ನೀಲಿ ಎಂದರೆ ಗಂಡನನ್ನು ಕರೆಸಿ, ಇಬ್ಬರನ್ನೂ ಎದುರು ಬದುರು ಕೂರಿಸಿ, ಅವಳ ದೂರನ್ನು ಅವನಿಗೆ ಓದಿ ಹೇಳಿ, ನಾಲ್ಕು ಬುದ್ಧಿಮಾತು ಹೇಳಿ, ಇನ್ನು ಹಾಗೆ ಮಾಡುವುದಿಲ್ಲ ಅಂತ ಮುಚ್ಚಳಿಕೆ ಬರೆಸಿ, ಒಟ್ಟಿಗೇ ಮನೆಗೆ ಕಳಿಸುವುದು. ಮನೋರಮಾ ಮೇಡಂ ಕೆಟ್ಟವರಲ್ಲ. ತಲೆ ಒಡೆದುಕೊಂಡು ಬಂದವರನ್ನು ಆಸ್ಪತ್ರೆಗೆ ಸೇರಿಸುವುದರಲ್ಲೇ ಅವರ ದಿನ ಮುಗಿಯುತ್ತಿತ್ತು.

ಇನ್ನೊಂದು ಅಭ್ಯಾಸ ಹೇಳಬೇಕು. ಬರುವವರೆಲ್ಲ ಹೇಳುವುದು ತುಳುವಿನಲ್ಲಿ. ನಾವು ಬರೆಯುವುದು ಕನ್ನಡದಲ್ಲಿ, ಅದೂ ಆಫೀಸಿನ ಕನ್ನಡದಲ್ಲಿ. ಗಂಡ ಏನೇ ಹೇಳಿರಲಿ, ಹೇಗೇ ಹೇಳಿರಲಿ, ನನ್ನ ಪೆನ್ನಿನಿಂದ ಹೊರಗೆ ಬರುತ್ತಿದ್ದದ್ದು ಒಂದೇ ವಾಕ್ಯ: "ಅವಾಚ್ಯ ಶಬ್ದಗಳಿಂದ ನಿಂದಿಸಿ ಮಾನಸಿಕ ಕಿರುಕುಳ ನೀಡುತ್ತಾರೆ." ನೂರು ಹೆಂಗಸರಿಗೆ ನೂರು ಸಲ ಅದೇ ವಾಕ್ಯ ಬರೆದಿದ್ದೇನೆ. ಅಕ್ಷರ ಮಾತ್ರ ಚಂದ ಇತ್ತು.

ಬೊಬ್ಬೆ ದೊಡ್ಡ ವಿಷಯವೇ ಅಲ್ಲ ಅಂತ ನನಗೆ ಗಟ್ಟಿಯಾದದ್ದು ಬೆಳ್ತಂಗಡಿಯ ಒಂದು ಕೇಸಿನಿಂದ. ಗುಡ್ಡದ ಮೇಲಿನ ಊರಿನ ಒಬ್ಬರು ಅಕ್ಕ, ರಬ್ಬರ್ ಟ್ಯಾಪಿಂಗ್ ಮಾಡುವವರು. ಗಂಡ ಬೆಳಗಿನಿಂದ ಸಂಜೆವರೆಗೆ ಬೊಬ್ಬೆ ಹಾಕ್ತಾರೆ, ಕಿವಿ ತೂತಾಗ್ತದೆ ಅಂತ ದೂರು. ಆ ಮನುಷ್ಯನನ್ನು ಕರೆಸಿ ನಾನು ಅರ್ಧ ಗಂಟೆ ಗದರಿಸಿದೆ. ಅವರು ನಗುಮುಖದಲ್ಲಿ ತಲೆ ಅಲ್ಲಾಡಿಸುತ್ತಾ ಕೂತಿದ್ದರು. ಕೊನೆಗೆ ಹೆಂಡತಿಯ ಕಡೆ ತಿರುಗಿ, "ಇವರು ಎಂತ ಹೇಳುವುದು?" ಅಂತ ಕಟ್ಟಡ ನಡುಗುವ ಹಾಗೆ ಕೇಳಿದರು. ಆ ಮನುಷ್ಯನಿಗೆ ಕಿವಿಯೇ ಕೇಳುತ್ತಿರಲಿಲ್ಲ! ಕಿವಿಗೆ ಮೆಷಿನ್ ಹಾಕಿಸಿದ್ದೇ ತಡ, ಬೊಬ್ಬೆ ನಿಂತಿತು. ನಾವು ಒಂದು ವರ್ಷ ಇದನ್ನೇ ಹೇಳಿಕೊಂಡು ನಕ್ಕೆವು. ಆ ಅಕ್ಕನಿಗೆ ಗಂಡನ ಹೆದರಿಕೆ ಒಂದು ಚೂರೂ ಇರಲಿಲ್ಲ, ಅವರೂ ತಿರುಗಿ ಅಷ್ಟೇ ದೊಡ್ಡಕ್ಕೆ ಹೇಳುತ್ತಿದ್ದರು ಎಂಬುದನ್ನು ಮಾತ್ರ ನಾನು ಗಮನಿಸಲಿಲ್ಲ. ಗಮನಿಸಿದ್ದರೆ ಹರಿಣಾಕ್ಷಿಗೆ ಆದದ್ದು ಆಗುತ್ತಿರಲಿಲ್ಲ.

ಹರಿಣಾಕ್ಷಿ ಬಂದದ್ದು ಮೂಡಬಿದ್ರೆಯಲ್ಲಿ ಒಂದು ಮಂಗಳವಾರ, ಮಧ್ಯಾಹ್ನ ಊಟದ ಬಿಡುವಿನಲ್ಲಿ. ಮೂವತ್ತು ದಾಟಿರಲಿಕ್ಕಿಲ್ಲ. ಪೇಟೆಯ ಸೀರೆ ಅಂಗಡಿಯಲ್ಲಿ ಕೆಲಸ. ಮನೆ ಪುತ್ತಿಗೆಯ ಕಡೆ, ಒಂದನೇ ಕ್ಲಾಸಿನ ಒಬ್ಬಳು ಮಗಳು. ಕುರ್ಚಿಯ ತುದಿಯಲ್ಲಿ ಕೂತು ಬುತ್ತಿಯ ಚೀಲವನ್ನು ಎದೆಗೆ ಒತ್ತಿಕೊಂಡು, "ಅವರು ಒಳ್ಳೆಯವರೇ ಮೇಡಂ. ಸ್ವಲ್ಪ ಜೋರು, ಅಷ್ಟೇ" ಅಂದಳು. ಎಷ್ಟು ಮೆಲ್ಲ ಅಂದಳೆಂದರೆ ನಾನು ಎರಡು ಸಲ ಕೇಳಬೇಕಾಯಿತು. "ಅಂಗಡಿಯಲ್ಲೂ ಬೈತಾರೆ ಮೇಡಂ, ಗಿರಾಕಿಗಳಿಗೆ ಕೇಳುವ ಹಾಗೆ ಮಾತಾಡು ಅಂತ. ಬರುವುದೇ ಇಲ್ಲ ಸ್ವರ."

ಅವಳ ಗಂಡ ಉಮೇಶನನ್ನು ಆ ಕಡೆಯವರಿಗೆಲ್ಲ ಗೊತ್ತು. ಮೈಕ್ ಹಿಡಿಯುವವ. ಮದುವೆ ಹಾಲಿನಲ್ಲಿ ಬಂದವರನ್ನು ಸ್ವಾಗತಿಸುವುದು, ವಾಲಿಬಾಲ್ ಪಂದ್ಯಕ್ಕೆ ವಿವರಣೆ ಹೇಳುವುದು, ಶಾಲೆಯ ವಾರ್ಷಿಕೋತ್ಸವ ನಡೆಸಿಕೊಡುವುದು. ಜೇನಿನಂಥ ಸ್ವರ. ಆ ಸ್ವರಕ್ಕೇ ಮನಸೋತು ಇವಳು ಮನೆಯವರ ಮಾತು ಮೀರಿ ಮದುವೆಯಾದದ್ದು. ಕಲ್ಲಡ್ಕದಲ್ಲಿ ಹೋಟೆಲು ನಡೆಸುವ ಅಣ್ಣ ಸದಾಶಿವ ಒಬ್ಬನೇ ಅವಳಿಗೆ ತವರು. ಅವನು ಏಳು ವರ್ಷ ಮಾತು ಬಿಟ್ಟಿದ್ದ.

ಆ ದಿನ ಅವಳು ಹೇಳಿದ್ದಿಷ್ಟು. ಅವನು ಮೊದಲು ಎದ್ದು ಮನೆಯ ಕಿಟಕಿಗಳನ್ನು ಒಂದೊಂದಾಗಿ ಹಾಕುತ್ತಾನೆ. ಕೊನೆಯ ಕಿಟಕಿಯ ಚಿಲಕ ಬಿದ್ದ ಮೇಲೆ ಶುರು. ಅವಳು ಫ್ರಿಜ್ಜಿನ ಪಕ್ಕದಲ್ಲಿ ನಿಂತಿರಬೇಕು, ಕೂರುವ ಹಾಗಿಲ್ಲ. ಉತ್ತರ ಕೊಟ್ಟರೆ ಎದುರುತ್ತರ, ಕೊಡದಿದ್ದರೆ ಸೊಕ್ಕು. ಅತ್ತರೆ ಮತ್ತೆ ಮೊದಲಿನಿಂದ ಶುರು. ಎಲ್ಲ ಮುಗಿದ ಮೇಲೆ ಅವಳೇ ಉಪ್ಪುನೀರು ಬಿಸಿ ಮಾಡಿ ಕೊಡಬೇಕು. "ಗಂಟಲಿಗೆ ಮೇಡಂ. ಸಂಜೆ ಪ್ರೋಗ್ರಾಂ ಇರ್ತದಲ್ಲ." ಆಮೇಲೆ ಹತ್ತು ಹನ್ನೊಂದು ದಿನ ಮಾತೇ ಇಲ್ಲ, ಅವಳು ಆ ಮನೆಯಲ್ಲಿ ಇಲ್ಲವೇ ಇಲ್ಲ ಎಂಬ ಹಾಗೆ. ಮತ್ತೆ ಒಂದು ದಿನ ಮಲ್ಲಿಗೆ ತಂದು ತಾನೇ ಮುಡಿಸುತ್ತಾನೆ. "ಮಗಳು ಗೊಂಬೆ ಆಟ ಆಡುವಾಗಲೂ ಎದ್ದು ಹೋಗಿ ಕಿಟಕಿ ಹಾಕಿ ಬರ್ತಾಳೆ ಮೇಡಂ. ಅದಕ್ಕೇ ಬಂದದ್ದು ನಾನು. ಅವಳನ್ನು ಕರ್ಕೊಂಡು ಹೊರಗೆ ಬರ್ಬೇಕು."

"ಕೈ ಮಾಡಿದ್ದಾನಾ?" ಅಂತ ನಾನು ಕೇಳಿದೆ.

"ಇಲ್ಲ."

"ಗುರುತು ಇದ್ದರೆ ಕೆಂಪು ಫೈಲು, ಇಲ್ಲದಿದ್ದರೆ ಇದು" ಅಂತ ಹೇಳಿ ನೀಲಿ ಫೈಲು ತೆಗೆದೆ. ಅದರಲ್ಲಿ ನನ್ನ ಮಾಮೂಲು ವಾಕ್ಯ ಬರೆದೆ. ಅವಳು ಹೇಳಿದ ಕಿಟಕಿ, ಫ್ರಿಜ್ಜು, ಉಪ್ಪುನೀರು ಎಲ್ಲವನ್ನೂ ಬೇರೆ ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡೆ, ಗಂಡ ಬಂದಾಗ ಓದಿ ಹೇಳಲಿಕ್ಕೆ. ದಾಖಲೆಯಲ್ಲಿ ಇರಬೇಕಾದದ್ದು ದಾಖಲೆಗೆ ಹೋಗಲಿಲ್ಲ, ಅವನ ಕಿವಿಗೆ ಬೀಳಬಾರದ್ದು ಅವನಿಗೆ ಹೋಗಿ ಮುಟ್ಟಿತು. ನಾವೆಲ್ಲ ವರ್ಷಗಟ್ಟಲೆ ಮಾಡಿದ್ದು ಹೀಗೆಯೇ.

ಎರಡು ವಾರ ಬಿಟ್ಟು ಅವನು ಬಂದ. ಬಿಳಿ ಅಂಗಿ, ಹಣೆಯಲ್ಲಿ ಗಂಧ. "ನಮಸ್ಕಾರ ಮೇಡಂ" ಅಂದದ್ದೇ ಸಾಕು, ಪಕ್ಕದ ಆಫೀಸಿನವರೆಲ್ಲ ಇಣುಕಿದರು. ಒಬ್ಬರು ಕುರ್ಚಿ ತಂದುಕೊಟ್ಟರು, ಇನ್ನೊಬ್ಬರು ಮಗಳ ಮದುವೆಗೆ ನೀವೇ ಬರ್ಬೇಕು ಅಂತ ಮೊಬೈಲ್ ನಂಬರ್ ತೆಗೆದುಕೊಂಡರು. ನಾನು ಬಿಡಲಿಲ್ಲ. ನನ್ನ ಬಾಯಿಯೂ ಆ ಮೂರು ತಾಲೂಕಿನಲ್ಲಿ ಹೆಸರಾಂತದ್ದೇ. ಚೀಟಿ ತೆಗೆದು ಅವಳು ಹೇಳಿದ್ದನ್ನು ಒಂದೊಂದಾಗಿ, ದೊಡ್ಡ ಸ್ವರದಲ್ಲಿ, ಎಲ್ಲರಿಗೂ ಕೇಳುವ ಹಾಗೆ ಓದಿದೆ. "ನಾಚಿಕೆ ಆಗುವುದಿಲ್ಲವಾ ನಿಮಗೆ?" ಅಂತ ಮೇಜು ಗುದ್ದಿದೆ. ಅವನ ಕಣ್ಣಲ್ಲಿ ನೀರು ಬಂತು. ಕೈ ಮುಗಿದ. ನಾನು ಹೇಳಿಕೊಡುವ ಮೊದಲೇ ಮುಚ್ಚಳಿಕೆ ಬರೆದ, ಒಂದು ಕಾಗುಣಿತ ತಪ್ಪಿಲ್ಲದೆ. ಮನೆಯ ದೈವದ ಮೇಲೆ ಆಣೆಯನ್ನೂ ಇಟ್ಟ.

ಹರಿಣಾಕ್ಷಿ ಅವನನ್ನು ನೋಡುತ್ತಿರಲಿಲ್ಲ. ನನ್ನ ಕೈಯ ಚೀಟಿಯನ್ನೇ ನೋಡುತ್ತಿದ್ದಳು. ನನಗೆ ಅರ್ಥವಾಗಲಿಲ್ಲ. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋದರು. ನಾನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದು ಪ್ಲೇಟ್ ಗೋಳಿಬಜೆ ತಿಂದು, ಇವತ್ತು ಒಂದು ಸಂಸಾರ ಉಳಿಸಿದೆ ಅಂತ ಖುಷಿಯಲ್ಲಿ ಬಸ್ಸು ಹತ್ತಿದೆ. ಫೈಲಿನ ಮೇಲೆ "ರಾಜಿಯಾಗಿದೆ" ಅಂತ ಬರೆದು ಕಪಾಟಿಗೆ ಹಾಕಿದೆ.

ನಾಲ್ಕು ತಿಂಗಳಾದ ಮೇಲೆ, ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಸೀರೆ ಬೇಕಿತ್ತು. ಮಂಗಳವಾರದ ಕೆಲಸ ಮುಗಿಸಿ ಆ ಅಂಗಡಿಗೇ ಹೋದೆ. ನಿಜ ಹೇಳುತ್ತೇನೆ, ಅವಳ ಬಾಯಿಂದ ಒಂದು ಥ್ಯಾಂಕ್ಸ್ ಕೇಳುವ ಆಸೆಯೂ ಇತ್ತು.

"ಹೇಗಿದ್ದಿ ಹರಿಣಾಕ್ಷಿ?"

"ಯಾವ ಬಣ್ಣದ್ದು ತೋರಿಸ್ಲಿ ಮೇಡಂ?" ಅಂದಳು. ಒಂದು ಸೀರೆ ಬಿಡಿಸಿ ಹರಡಿದಳು. ತಲೆ ಎತ್ತಲಿಲ್ಲ. "ಹೊರಗೆ ಸ್ಕೂಟರಿನಲ್ಲಿ ಇದ್ದಾರೆ. ನೀವು ಸೀರೆ ನೋಡಿ."

ನಾನು ಅಂಚು ಮುಟ್ಟಿ ನೋಡಿದೆ. ಅವಳು ಇನ್ನೊಂದು ಬಿಡಿಸಿದಳು.

"ನೀವು ಅವತ್ತು ಓದಿದ್ರಲ್ಲ ಮೇಡಂ, ಅದೆಲ್ಲ ಅವರಿಗೆ ಬಾಯಿಪಾಠ. ಒಂದೊಂದು ದಿನ ಒಂದೊಂದು. ಇವತ್ತು ಕಿಟಕಿದ್ದು, ನಾಳೆ ಉಪ್ಪುನೀರಿನದ್ದು. ನೀವು ಓದಿದ ಹಾಗೇ ಓದ್ತಾರೆ, ನಿಮ್ಮ ಸ್ವರ ಮಾಡಿ. ಮೇಜು ಗುದ್ದುವುದನ್ನೂ ಮಾಡ್ತಾರೆ. ಆಮೇಲೆ ಅವರದ್ದು ಶುರು."

ನನ್ನ ಕೈ ಸೀರೆಯ ಮೇಲೆ ಹಾಗೇ ನಿಂತಿತು. ಇಷ್ಟು ವರ್ಷ ಎಷ್ಟು ಚೀಟಿ ಓದಿದ್ದೇನೆ, ಎಷ್ಟು ಮನೆಗಳಿಗೆ ಕಳಿಸಿದ್ದೇನೆ ಎಂಬುದೆಲ್ಲ ಒಟ್ಟಿಗೇ ನೆನಪಾಯಿತು.

"ತಪ್ಪಾಯ್ತು ಮಾರಾಯ್ತಿ" ಅಂದೆ.

"ಪರವಾಗಿಲ್ಲ ಮೇಡಂ. ನಿಮಗೆ ಗೊತ್ತಿರ್ಲಿಲ್ಲ." ಸೀರೆ ಮಡಚುವಾಗ ಅವಳ ಬಲ ಮಣಿಕಟ್ಟಿನಲ್ಲಿ ಸುಟ್ಟ ಗುರುತು ಕಂಡಿತು. ನಾನು ನೋಡಿದ್ದನ್ನು ಅವಳೂ ನೋಡಿದಳು. "ಇದು ಇಸ್ತ್ರಿಪೆಟ್ಟಿಗೆ. ಅವರ ಅಂಗಿಗೆ ಇಸ್ತ್ರಿ ಹಾಕುವಾಗ ಕಿಟಕಿ ಹಾಕಿದ ಸದ್ದಾಯ್ತು, ಕೈ ನಡುಗಿತು." ಬಳೆಯನ್ನು ಅದರ ಮೇಲೆ ಎಳೆದು ಕೇಳಿದಳು, "ಅವರೇ ಇಟ್ಟದ್ದು ಅಂತ ಬರೆದ್ರೆ ಕೆಂಪು ಫೈಲು ಆಗ್ತದಾ ಮೇಡಂ?"

ಮಡಚಿದ ಸೀರೆಯನ್ನು ಬದಿಗಿಟ್ಟು ಅವಳು ಇನ್ನೊಂದು ತೆಗೆದಳು.

"ಅಣ್ಣನಿಗೆ ಫೋನ್ ಮಾಡಿದ್ದೆ. ಒಂದು ಏಟು ಹಾಕಿದ ದಿನ ಹೇಳು, ನಾನೇ ಬಂದು ಕರ್ಕೊಂಡು ಹೋಗ್ತೇನೆ ಅಂದ. ಅವರು ಹಾಕುವುದೇ ಇಲ್ಲ ಮೇಡಂ. ನಾನಾಗಿ ಎದುರು ಹೋಗಿ ನಿಂತೂ ನೋಡಿದೆ."

ಒಂದು ಏಟಿಗಾಗಿ ಕಾಯುತ್ತಿದ್ದಳು ಆ ಹುಡುಗಿ. ಹೊರಗೆ ಬರಲಿಕ್ಕೆ ಅದೊಂದೇ ಬಾಗಿಲು ಅಂತ ಅವಳಿಗೆ ಹೇಳಿಕೊಟ್ಟವರು ನಾವು. ನಾನು, ಮನೋರಮಾ ಮೇಡಂ, ಅವಳ ಅಣ್ಣ, ಎಲ್ಲರೂ ಸೇರಿ.

ಆ ಗುರುತಿನ ವಿಷಯ ಒಂದು ವಾರ ನನ್ನ ತಲೆ ತಿಂದಿತು. ಸುಳ್ಳು ಬರೆಯುವುದು ಸುಲಭ ಇತ್ತು. ಎರಡು ಸಾಲು ಬರೆದರೆ ಕೆಂಪು ಫೈಲು, ಡಾಕ್ಟರ ಚೀಟಿ, ಎಲ್ಲ ಸಲೀಸು. ಬರೆಯಲಿಕ್ಕೆ ಪೆನ್ನು ತೆಗೆದದ್ದೂ ಹೌದು. ಆದರೆ ಕೋರ್ಟಿನಲ್ಲಿ ಅವನ ವಕೀಲರು ಆ ಒಂದು ಸುಳ್ಳನ್ನು ಹಿಡಿದರೆ ಅವಳ ಏಳು ವರ್ಷವೂ ಸುಳ್ಳಾಗಿ ಹೋಗುತ್ತದೆ. ಮುಂದಿನ ಮಂಗಳವಾರ ಹೋಗಿ ಹೇಳಿದೆ, "ಸುಟ್ಟದ್ದನ್ನು ಇಸ್ತ್ರಿಪೆಟ್ಟಿಗೆ ಅಂತಲೇ ಬರೆಯುವ. ಕೈ ಯಾಕೆ ನಡುಗಿತು ಅಂತಲೂ ಬರೆಯುವ. ಅವನು ಎಂತೆಂತ ಹೇಳ್ತಾನೆ, ಅವನ ಬಾಯಲ್ಲಿ ಬಂದ ಹಾಗೇ ನನಗೆ ಬೇಕು. ಕಾನೂನಿನಲ್ಲಿ ಮಾತಿನ ಹಿಂಸೆಗೂ ಜಾಗ ಉಂಟು. ಅಲ್ಲಿ ಬರೆಯದೆ ಖಾಲಿ ಬಿಟ್ಟವರು ನಾವು."

ಅಂಗಡಿಯ ಹಿಂದೆ ಸೀರೆಗೆ ಫಾಲ್ಸ್ ಹೊಲಿಯುವ ಸಣ್ಣ ಕೋಣೆ ಇತ್ತು. ಮೂರು ಮಂಗಳವಾರ, ಅವಳ ಊಟದ ಬಿಡುವಿನ ಅರ್ಧ ಗಂಟೆ, ನಾವಿಬ್ಬರೂ ಅಲ್ಲಿ ಕೂತೆವು. ಅವಳು ತುಳುವಿನಲ್ಲಿ ಹೇಳಿದ್ದನ್ನು ನಾನು ತುಳುವಿನಲ್ಲೇ, ಕನ್ನಡ ಅಕ್ಷರದಲ್ಲಿ ಬರೆದೆ. ಅಯ್ಯೋ, ನನ್ನ ಕೈಗೆ ಅದು ಎಷ್ಟು ಕಷ್ಟವಾಯಿತೆಂದರೆ! ಅವಾಚ್ಯ ಶಬ್ದ ಅಂತ ಬರೆದು ಇಷ್ಟು ವರ್ಷ ನಾನು ಉಳಿಸಿಕೊಂಡದ್ದು ನನ್ನ ಮರ್ಯಾದೆಯನ್ನೇ. ಕೆಲವು ಮಾತುಗಳನ್ನು ಹೇಳಲಿಕ್ಕೆ ಅವಳಿಗೂ ಬಾಯಿ ಬರಲಿಲ್ಲ. ಅವಳೇ ಪೆನ್ನು ತೆಗೆದುಕೊಂಡು ಬರೆದು, ಕಾಗದ ನನ್ನ ಕಡೆ ತಳ್ಳಿ, ಗೋಡೆಗೆ ಮುಖ ಮಾಡಿ ಕೂತಳು. ಆದರೆ ಬೈಗುಳಕ್ಕಿಂತ ಹೆಚ್ಚು ಸಲ ಬಂದದ್ದು ಒಂದು ಸಾಧಾರಣ ಮಾತು. "ನಿಕ್ಕ್ ಏರುಲ್ಲೆರ್?" ನಿನಗೆ ಯಾರಿದ್ದಾರೆ? ದಿನಾ, ಪ್ರತಿ ಸಲ, ಎಲ್ಲದರ ಕೊನೆಗೆ ಅದು.

ಮೂರನೇ ಮಂಗಳವಾರ ನಾವು ಕೂತಿದ್ದಾಗಲೇ ಅಂಗಡಿಯಲ್ಲಿ ಆ ಸ್ವರ ಕೇಳಿಸಿತು. "ನಮ್ಮ ಹರಿಣಾಕ್ಷಿ ಎಲ್ಲಿ? ಊಟ ಆಯ್ತಾ ಅಂತ ಕೇಳಿ ಹೋಗುವ ಅಂತ ಬಂದೆ." ಎಷ್ಟು ನಯ! ಅಂಗಡಿಯ ಹುಡುಗಿಯರು ನಕ್ಕರು. ನಾನು ಕಾಗದಗಳನ್ನು ಫಾಲ್ಸ್ ಬಟ್ಟೆಯ ಕಟ್ಟಿನ ಅಡಿಗೆ ತಳ್ಳಿದೆ. ತಿರುಗಿ ನೋಡಿದರೆ ಇವಳು ಎದ್ದು ಗೋಡೆಗೆ ಒತ್ತಿ ನಿಂತಿದ್ದಾಳೆ, ಕೈ ಎರಡೂ ಕೆಳಗೆ ನೇರ, ಕಣ್ಣು ನೆಲದಲ್ಲಿ. ಅವನು ಪರದೆಯ ಆಚೆ, ನಾಲ್ಕು ಹೆಜ್ಜೆ ದೂರದಲ್ಲಿದ್ದಾನೆ. ಅಂಗಡಿಯ ಯಜಮಾನರು, "ಗೋದಾಮಿಗೆ ಕಳಿಸಿದ್ದೇನೆ ಮಾರಾಯ್ರೆ, ಈಗ ಬರುವುದಿಲ್ಲ" ಅಂದರು. ಅವರಿಗೆ ನಾವು ಏನೂ ಹೇಳಿರಲಿಲ್ಲ, ಎಲ್ಲ ಗೊತ್ತಿತ್ತು ಅಂತ ಕಾಣ್ತದೆ. ಸ್ಕೂಟರ್ ಹೊರಟ ಸದ್ದು ಕೇಳಿದ ಮೇಲೂ ಅವಳು ಹಾಗೇ ನಿಂತಿದ್ದಳು. "ಕೂತ್ಕೋ ಹರಿಣಾಕ್ಷಿ, ಹೋದ" ಅಂತ ಮೂರು ಸಲ ಹೇಳಬೇಕಾಯಿತು.

ಹತ್ತೊಂಬತ್ತು ಪುಟ ಆಯಿತು. ಮನೋರಮಾ ಮೇಡಂ ತೂಕ ನೋಡಿಯೇ ಮುಖ ಸಿಂಡರಿಸಿದರು. "ಎಂತ ಸುನಂದಾ ಇದು? ಕಚೇರಿ ಕಾಗದದಲ್ಲಿ ಇಂಥ ಮಾತು ಬರೆಯುವುದಾ? ಕೋರ್ಟಿಗೆ ಕಳಿಸ್ಲಿಕ್ಕೆ ಮುಖ ಬೇಕಲ್ಲ."

"ಅವನಿಗೆ ಹೇಳ್ಲಿಕ್ಕೆ ಮುಖ ಇತ್ತಲ್ಲ ಮೇಡಂ. ಓದಿ" ಅಂದೆ. ಅವರ ಹತ್ತಿರ ನಾನು ಹಾಗೆ ಮಾತಾಡಿದ್ದು ಅದೇ ಮೊದಲು.

ಮೂರು ಪುಟ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಉಳಿದದ್ದು ನನಗೆ ಓದ್ಲಿಕ್ಕಾಗುವುದಿಲ್ಲ. ಕಳಿಸುವ" ಅಂತ ಸಹಿ ಹಾಕಿದರು.

ಅವಳು ಆ ಮನೆಯಲ್ಲಿದ್ದಾಗಲೇ ಕೋರ್ಟಿನ ಕಾಗದ ಅವನ ಕೈಗೆ ಬಂದರೆ ಮುಗಿಯಿತು. ಮೊದಲು ಅವಳನ್ನೂ ಮಗುವನ್ನೂ ಹೊರಗೆ ತರಬೇಕಿತ್ತು. ಅವಳಿಂದ ಒಪ್ಪಿಗೆ ಕೇಳಿಕೊಂಡು ನಾನು ಕಲ್ಲಡ್ಕಕ್ಕೆ, ಅಣ್ಣನ ಹೋಟೆಲಿಗೆ ಹೋದೆ. ಮಧ್ಯಾಹ್ನದ ಗಲಾಟೆ ಮುಗಿದ ಹೊತ್ತು. ಸದಾಶಿವ ದೊಡ್ಡ ಆಳು, ಮುಖದಲ್ಲಿ ನಗು ಇಲ್ಲ.

"ನೋಡಿ ಮೇಡಂ, ಅವಳಾಗಿ ಆರಿಸಿಕೊಂಡದ್ದು. ಹೊಡೀತಾನಾ? ಇಲ್ಲ. ಕುಡೀತಾನಾ? ಅದೂ ಇಲ್ಲ. ನಾನೂ ಇಲ್ಲಿ ದಿನಾ ಬೊಬ್ಬೆ ಹಾಕುವವನೇ. ಯಾರು ಬಿಟ್ಟು ಹೋಗಿದ್ದಾರೆ?"

ನಾನು ಅವನ ಹತ್ತಿರ ವಾದ ಮಾಡಲಿಲ್ಲ. ಹನ್ನೊಂದನೇ ಪುಟ ತೆಗೆದು ಅವನ ಮುಂದಿಟ್ಟೆ. ಅದರಲ್ಲಿ ತುಳುವಿನಲ್ಲಿ ಇದ್ದದ್ದರ ಅರ್ಥ ಹೀಗೆ: "ನಿನಗೆ ಯಾರಿದ್ದಾರೆ? ನಿನ್ನ ಅಣ್ಣನಿಗೆ ನೀನು ಸತ್ತು ಏಳು ವರ್ಷ ಆಯ್ತು. ಹೋಗು, ಕಲ್ಲಡ್ಕಕ್ಕೆ ಹೋಗಿ ಬಾಗಿಲು ಬಡಿ. ನಾಯಿಗಾದರೂ ತೆರೆದಾನು, ನಿನಗೆ ತೆರೆಯುವುದಿಲ್ಲ." ಅವನು ಬೆರಳಿಟ್ಟು ಓದಿದ. ಮತ್ತೊಮ್ಮೆ ಓದಿದ. ಮುಖ ಕಪ್ಪಿಟ್ಟಿತು.

"ಇದು ಅವ ಹೇಳಿದ್ದಾ?"

"ಹೌದು. ನೀವು ಫೋನ್ ಇಟ್ಟ ಮೇಲೆ."

ಅವನು ಎದ್ದು ಒಳಗೆ ಹೋದ. ಪಾತ್ರೆಗಳ ಸದ್ದು ನಿಂತಿತು. ಸುಮಾರು ಹೊತ್ತಿನ ನಂತರ ಮುಖ ತೊಳೆದುಕೊಂಡು ಬಂದು, "ಯಾವ ದಿನ ಬರ್ಬೇಕು ಹೇಳಿ" ಅಂದ.

ನಾನು ಬೇಡ ಎಂದೆ. ಅವನು ಪುತ್ತಿಗೆಗೆ ಹೋದರೆ ಅಲ್ಲಿ ಹೊಡೆದಾಟ ಆಗುತ್ತಿತ್ತು. ಬಿ.ಸಿ. ರೋಡಿನಲ್ಲಿ ಕಾರು ಇಟ್ಟು ಕಾಯಲಿಕ್ಕೆ ಹೇಳಿದೆ.

ಒಂದು ಆದಿತ್ಯವಾರ, ಮೂಡಬಿದ್ರೆಯ ಮದುವೆ ಹಾಲಿನಲ್ಲಿ ಉಮೇಶನಿಗೆ ಬೆಳಗಿನಿಂದ ಪ್ರೋಗ್ರಾಂ ಇತ್ತು. ಹರಿಣಾಕ್ಷಿ ಮಗಳ ಕೈ ಹಿಡಿದು, ಅಂಗಡಿಗೆ ಹೋಗುವ ಅದೇ ಚೀಲದಲ್ಲಿ ಎರಡು ಜೊತೆ ಬಟ್ಟೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದಳು. ಸಿದ್ಧಕಟ್ಟೆ ಮಾರ್ಗವಾಗಿ ಬಿ.ಸಿ. ರೋಡಿಗೆ ಹೋಗುವ ಬಸ್ಸಿನಲ್ಲಿ ಮೂವರೂ ಕೂತೆವು. ಮದುವೆ ಹಾಲು ಅಲ್ಲಿಂದ ದೂರ ಇಲ್ಲ, ಹೊರಗೆ ಕಟ್ಟಿದ ಮೈಕಿನಿಂದ ಅವನ ಸ್ವರ ಬಸ್‌ಸ್ಟ್ಯಾಂಡಿಗೇ ಕೇಳುತ್ತಿತ್ತು. ವಧೂವರರನ್ನು ಹರಸಲು ಬಂದ ಬಂಧುಗಳಿಗೆಲ್ಲ ಸ್ವಾಗತ ಅಂತ. ಮಗು, "ಅಪ್ಪ" ಅಂದಿತು. ಆ ಸ್ವರ ಕೇಳುವಷ್ಟು ಹೊತ್ತು ಅವನು ಅಲ್ಲೇ ಇದ್ದಾನೆ ಅಂತ ನನಗೆ ಧೈರ್ಯ.

ಬಸ್ಸು ಬಿಡಲಿಕ್ಕೆ ಐದು ನಿಮಿಷ ಇರುವಾಗ ಸ್ವರ ನಿಂತಿತು.

ಹಾಡಿಲ್ಲ, ವಾದ್ಯ ಇಲ್ಲ, ಮೈಕಿನಲ್ಲಿ ಬರೀ ಗುಂಯ್ ಅಂತ ಸದ್ದು. ಹರಿಣಾಕ್ಷಿಯ ಉಗುರು ನನ್ನ ತೋಳಿಗೆ ಇಳಿಯಿತು. ಕಂಡಕ್ಟರ್ ಕೆಳಗೆ ನಿಂತು ಯಾರದೋ ಹತ್ತಿರ ಮಾತಾಡುತ್ತಾ ಇದ್ದಾನೆ. "ಹೋಗುವ ಮಾರಾಯ, ಟೈಮಾಯ್ತಲ್ಲ" ಅಂತ ನಾನು ಬೊಬ್ಬೆ ಹಾಕಿದೆ. "ಇನ್ನೂ ಉಂಟು ಅಕ್ಕ ಟೈಮು" ಅಂದ. ಹಾಲಿನ ಕಡೆಯಿಂದ ಬರುವ ಪ್ರತಿಯೊಂದು ಸ್ಕೂಟರನ್ನೂ ನಾನು ನೋಡುತ್ತಿದ್ದೆ. ಬಿಳಿ ಅಂಗಿ ಕಂಡಾಗಲೆಲ್ಲ ಕಿಟಕಿಗೆ ನನ್ನ ಸೆರಗು ಅಡ್ಡ ಹಿಡಿಯುತ್ತಿದ್ದೆ. ಹರಿಣಾಕ್ಷಿ ಮೆಲ್ಲ, "ಇಳಿದುಬಿಡ್ತೇನೆ ಮೇಡಂ. ಅಂಗಡಿಗೆ ಬಂದದ್ದು ಅಂತ ಹೇಳ್ತೇನೆ" ಅಂತ ಅರ್ಧ ಎದ್ದಳು. ನಾನು ಎಳೆಯಲಿಲ್ಲ, ಕೂರು ಅಂತಲೂ ಹೇಳಲಿಲ್ಲ. ಅದನ್ನು ಹೇಳಬೇಕಾದವಳು ನಾನಲ್ಲ ಅಂತ ನಾಲಿಗೆ ಕಚ್ಚಿ ಹಿಡಿದುಕೊಂಡೆ. ಅವಳು ಮಗಳ ಮುಖ ನೋಡಿದಳು. ಕೂತಳು. ಬಸ್ಸು ಸ್ಟಾರ್ಟ್ ಆಯಿತು, ತಿರುವಿನಲ್ಲಿ ಮೈಕು ಮತ್ತೆ ಮಾತಾಡಿತು. ಊಟಕ್ಕೆ ಎಲ್ಲರೂ ಬರಬೇಕು ಅಂತ ಅವನು ಕರೆಯುತ್ತಿದ್ದ.

ಬಿ.ಸಿ. ರೋಡಿನಲ್ಲಿ ಸದಾಶಿವ ಕಾರಿನಿಂದ ಇಳಿದು ನಿಂತಿದ್ದ. ತಂಗಿಯ ಕೈಯಿಂದ ಚೀಲ ತೆಗೆದುಕೊಂಡ, ಮಗುವನ್ನು ಎತ್ತಿಕೊಂಡ. ಕೋರ್ಟು ಆ ಹತ್ತೊಂಬತ್ತು ಪುಟವನ್ನು ತೆಗೆದುಕೊಂಡಿತು. ಕೇಸು ಮುಗಿಯುವವರೆಗೆ ಉಮೇಶ ಅವಳಿದ್ದಲ್ಲಿಗೆ ಬರಬಾರದು, ಫೋನು ಮಾಡಬಾರದು ಅಂತ ಆದೇಶ ಆಯಿತು. ಅವನಿಗೆ ಬೇರೆ ಏನೂ ಆಗಲಿಲ್ಲ ಅಂತಲೂ ಹೇಳಬೇಕು. ಈಗಲೂ ಮೈಕ್ ಹಿಡಿಯುತ್ತಾನೆ, ಜನ ಈಗಲೂ ಚಪ್ಪಾಳೆ ತಟ್ಟುತ್ತಾರೆ.

ಅದರ ನಂತರ ನಾನು ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಚೀಟಿ ಓದಲಿಲ್ಲ. ಮೊದಲ ಪ್ರಶ್ನೆಯನ್ನೂ ಬದಲಾಯಿಸಿದೆ, "ಅವನು ಮನೆಗೆ ಬರುವ ಹೊತ್ತಿಗೆ ನಿನಗೆ ಎಂತ ಆಗ್ತದೆ?" ಅಂತ. ಮೆಲ್ಕಾರಿನ ಕಾಲೇಜು ಹುಡುಗಿಯೊಬ್ಬಳು, ಪ್ರೀತಿಸಿದ ಹುಡುಗ ದಿನವಿಡೀ ಫೋನಿನ ಕರೆ ಕಡಿಯಲಿಕ್ಕೆ ಬಿಡುವುದಿಲ್ಲ, ಕಡಿದರೆ ಬೊಬ್ಬೆ ಹಾಕ್ತಾನೆ ಅಂತ ಬಂದಳು. ಆ ಪ್ರಶ್ನೆ ಕೇಳಿದ್ದಕ್ಕೆ ಅರ್ಧ ಗಂಟೆ ಅತ್ತಳು. ಮದುವೆಯೇ ಆಗಿಲ್ಲ, ನೋಡಿ.

ಹರಿಣಾಕ್ಷಿ ಮತ್ತೆ ಬಂದದ್ದು ಕೋರ್ಟಿನ ಆದೇಶ ಆಗಿ ಮೂರು ವಾರದ ಮೇಲೆ, ಬಿ.ಸಿ. ರೋಡಿನ ಕಚೇರಿಗೆ. ಬೆಂಚು ತುಂಬಾ ಜನ. ನಾನು ಖುಷಿಯಲ್ಲಿ ಎದ್ದು, "ಬಾ ಬಾ, ಕೂತ್ಕೋ" ಅಂದೆ. ಅವಳು ಕೂರಲಿಲ್ಲ.

"ನೀವು ಅದನ್ನು ಯಾಕೆ ಓದಿದ್ದು ಮೇಡಂ?"

"ಎಂತದ್ದು?"

"ನಾನು ಹೇಳಿದ್ದನ್ನು. ಅವರ ಎದುರು. ಯಾಕೆ ಓದಿದ್ದು?" ಸ್ವರ ನಡುಗುತ್ತಿತ್ತು, ಆದರೆ ಕೇಳಿಸುತ್ತಿತ್ತು. "ನಂಬಿ ಹೇಳಿದ್ದೆ ನಾನು. ಯಾರಿಗೂ ಹೇಳದ್ದನ್ನು ನಿಮಗೆ ಹೇಳಿದ್ದೆ. ನೀವು ಅದನ್ನು ಅವರ ಕೈಗೇ ಕೊಟ್ರಿ. ಐದು ತಿಂಗಳು! ಐದು ತಿಂಗಳು ಆ ಮನೆಯಲ್ಲಿ ನಿಮ್ಮ ಸ್ವರ ಕೇಳಿದ್ದೇನೆ! ಪರವಾಗಿಲ್ಲ ಅಂತ ಹೇಳಿದ್ದೆ ನಾನು ಅಂಗಡಿಯಲ್ಲಿ. ಪರವಾಗಿಲ್ಲ ಅಲ್ಲ ಮೇಡಂ!"

ಕೊನೆಯ ಮಾತು ರಸ್ತೆಗೂ ಕೇಳಿರಬೇಕು. ಬೆಂಚಿನಲ್ಲಿ ಇದ್ದವರೆಲ್ಲ ಎದ್ದು ಬಾಗಿಲಿಗೆ ಬಂದರು. ಮನೋರಮಾ ಮೇಡಂ, "ಏ, ಎಂತದ್ದಮ್ಮ ಇದು? ನಿನಗೋಸ್ಕರ ಇವರು ಎಷ್ಟು..." ಅಂತ ಎದ್ದರು. ನಾನು ಕೈ ಅಡ್ಡ ಹಿಡಿದು ಅವರನ್ನು ತಡೆದೆ. ಹತ್ತೊಂಬತ್ತು ಪುಟ ಬರೆದದ್ದು ನಾನಲ್ಲವಾ, ಕಲ್ಲಡ್ಕಕ್ಕೆ ಹೋದದ್ದು ನಾನಲ್ಲವಾ ಅಂತ ನನ್ನ ನಾಲಿಗೆಯ ತುದಿಯಲ್ಲೂ ಇತ್ತು. ನುಂಗಿಕೊಂಡೆ. ನಾಚಿಕೆಯಾಯಿತು, ದುಃಖವೂ ಬಂತು, ಅದರ ಒಳಗೆ ಎಲ್ಲೋ ಹೇಳಲಾರದಷ್ಟು ಸಂತೋಷವೂ ಆಯಿತು. ಅವಳು ಮೇಜಿನ ಎದುರು ನಿಂತು, ನನ್ನ ಮುಖ ನೋಡಿಕೊಂಡೇ, ಉಸಿರು ಕಟ್ಟುವವರೆಗೆ ಹೇಳಿದಳು. ನಾನು ನಿಂತು ಕೇಳಿದೆ.

ಕೊನೆಗೆ ಸುಸ್ತಾಗಿ ಕುರ್ಚಿ ಎಳೆದು ಕೂತಳು. ನೀರು ಕೊಟ್ಟೆ. ಲೋಟ ಖಾಲಿ ಮಾಡಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಇನ್ನೂ ಉಂಟಾ ಹರಿಣಾಕ್ಷಿ?" ಅಂತ ಕೇಳಿದೆ.

"ಉಂಟು" ಅಂದಳು.

ನಾನು ಅವಳ ಎದುರು ಕೂತೆ.